ಹತ್ತರಲ್ಲಿ ಒಬ್ಬಳು

ಖಾನಾಪುರದ ಹಳ್ಳಿಯಿಂದ ಹೆಣ್ಣುಮಗಳೊಬ್ಬಳು ಬೆಳಗಾವಿಗೆ ಹೋಗಿ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಂಡಳೆನ್ನಿ. ವರದಿಯಲ್ಲಿ ಎಚ್‌ಪಿವಿ ವೈರಸ್ ಇದೆ ಎಂದು ಬಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ರೋಗದ ಬಗ್ಗೆ ಇರಲಾರದು, ಅವಳ ನಡತೆಯ ಬಗ್ಗೆ ಇದ್ದೀತು. ಗಂಡನ ನಡತೆಯನ್ನು ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಈ ಸಂಶಯಕ್ಕೆ ಹಳೆಯ ಬೇರಿದೆ. 1842ರಲ್ಲಿ ಇಟಲಿಯ ವೈದ್ಯ ರಿಗೋನಿ ಸ್ಟರ್ನ್ ವೆರೋನಾ ನಗರದ ಮರಣ ದಾಖಲೆಗಳನ್ನು ಲೆಕ್ಕಹಾಕಿದರು. ಗರ್ಭಕೋಶದ ಕ್ಯಾನ್ಸರ್ ವಿವಾಹಿತೆಯರಲ್ಲಿ ಹೆಚ್ಚು, ಕ್ರೈಸ್ತ ಸನ್ಯಾಸಿನಿಯರಲ್ಲಿ ತೀರಾ ಕಡಿಮೆ. ಲೆಕ್ಕದಲ್ಲಿದ್ದದ್ದು ಮದುವೆ, ಸಮಾಜ ಓದಿಕೊಂಡದ್ದು ನಡತೆ. 1983ರಲ್ಲಿ ಜರ್ಮನಿಯ ಹರಾಲ್ಡ್ ಜುರ್ ಹೌಸೆನ್ ಅವರ ತಂಡ ಈ ಕ್ಯಾನ್ಸರಿನ ಗಡ್ಡೆಯಲ್ಲಿ ಎಚ್‌ಪಿವಿ 16ನ್ನು ಗುರುತಿಸಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ಆರೋಗ್ಯವಂತ ಮಹಿಳೆಯರಲ್ಲಿ ಈ ಸೋಂಕು ಎಷ್ಟು? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಬೀದರ್, ಕಲಬುರಗಿಗಳ ಗಡಿಗೆ ಹೊಂದಿಕೊಂಡ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 1999ರಲ್ಲಿ ದೊಡ್ಡ ಅಧ್ಯಯನವೊಂದು ಆರಂಭವಾಯಿತು. ಎಚ್‌ಪಿವಿ ಪರೀಕ್ಷೆಗೆ ಒಳಗಾದ 30ರಿಂದ 59 ವಯಸ್ಸಿನ 27 ಸಾವಿರ ಮಹಿಳೆಯರಲ್ಲಿ ಶೇ. 10.3 ಮಂದಿಗೆ ಅಪಾಯಕಾರಿ ಬಗೆಯ ಸೋಂಕಿತ್ತು. ಅವರು ಕೂಲಿಗೆ, ಹೊಲಕ್ಕೆ ಹೋಗುವ ಸಾಮಾನ್ಯ ಗೃಹಿಣಿಯರು. ಸೋಂಕು ಎಂದೋ ತಗುಲಿ ವರ್ಷಗಟ್ಟಲೆ ಸುಮ್ಮನಿರಬಹುದು. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ದೇಹವೇ ಅದನ್ನು ಹೊರಹಾಕುತ್ತದೆ. ಉಳಿದುಕೊಂಡದ್ದು ಮಾತ್ರ ಕಾಲಾಂತರದಲ್ಲಿ ಕ್ಯಾನ್ಸರ್ ಆಗಬಹುದು.

ಎಂಟು ವರ್ಷಗಳ ಬಳಿಕ ಎಣಿಸಿದಾಗ, ಹೆಚ್ಚುಕಡಿಮೆ ಸಮಾನ ಗಾತ್ರದ ಎರಡು ಗುಂಪುಗಳಲ್ಲಿ, ಎಚ್‌ಪಿವಿ ಪರೀಕ್ಷೆ ಏರ್ಪಡಿಸಿದ ಗುಂಪಿನಲ್ಲಿ ಈ ಕ್ಯಾನ್ಸರಿಗೆ ಬಲಿಯಾದವರು 34, ತಪಾಸಣೆ ಏರ್ಪಡಿಸದ ಗುಂಪಿನಲ್ಲಿ 64.