ಊರ ಹೆಸರಿನ ಹಕ್ಕು: ಉಡುಪಿ ಸೀಮೆಯ ಅಡುಗೆಮನೆ, ಗದ್ದೆ ಮತ್ತು ಮಗ್ಗಗಳ ಒಂದು ಚರಿತ್ರೆ

ಉಡುಪಿ ಎಂಬ ಹೆಸರು ದಕ್ಷಿಣ ಭಾರತದ ಪೇಟೆಗಳಲ್ಲಿ ಸಸ್ಯಾಹಾರಿ ಹೋಟೆಲಿನ ಹೆಸರಾಗಿ ನೆಲೆಗೊಂಡದ್ದು 20ನೇ ಶತಮಾನದ ಮೊದಲ ಅರ್ಧದಲ್ಲಿ. ಆ ಹೆಸರನ್ನು ಯಾರೂ ಯಾರಿಗೂ ಮಾರಿರಲಿಲ್ಲ, ಅದನ್ನು ಬಳಸಲು ಯಾರೂ ಯಾರ ಅಪ್ಪಣೆಯನ್ನೂ ಪಡೆದಿರಲಿಲ್ಲ; ಆದರೂ ಬೋರ್ಡಿನ ಮೇಲೆ ಅದನ್ನು ಕಂಡ ಗಿರಾಕಿಗೆ ಒಳಗೆ ಏನು ಸಿಗುತ್ತದೆ, ಎಷ್ಟು ಶುಚಿಯಾಗಿ ಸಿಗುತ್ತದೆ ಎಂಬುದು ಮುಂಚಿತವಾಗಿಯೇ ತಿಳಿದಿರುತ್ತಿತ್ತು. ಹಲವರು ಸೇರಿ ಬೆಳೆಸಿದ ವಿದ್ಯೆಯ ಹೆಸರನ್ನು ವ್ಯಾಪಾರಕ್ಕೆ ಬಳಸುವ ಹಕ್ಕು ಯಾರದು ಎಂಬ ಪ್ರಶ್ನೆ ಈಚಿನ ದಶಕಗಳಲ್ಲಿ ಮುಕ್ತ ತಂತ್ರಾಂಶದ ಲೋಕದಲ್ಲಿ, ಎಂದರೆ ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಟ್ಟು ಅನೇಕರ ದುಡಿಮೆಯಿಂದ ಬೆಳೆಯುವ ಕಂಪ್ಯೂಟರ್ ಪ್ರೋಗ್ರಾಮುಗಳ ಲೋಕದಲ್ಲಿ, ಮತ್ತೆ ಮತ್ತೆ ಚರ್ಚೆಗೆ ಬಂದಿದೆ. ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಸೀಮೆಯಾದರೋ ಇದೇ ಪ್ರಶ್ನೆಯನ್ನು ಸುಮಾರು ನೂರು ವರ್ಷಗಳಿಂದ ಎದುರಿಸುತ್ತ ಬಂದಿದೆ.

ಈ ಹೆಸರಿನ ಬೆಲೆಯ ಮೂಲ ಶ್ರೀಕೃಷ್ಣ ಮಠದ ಅಡುಗೆಮನೆಯಲ್ಲಿದೆ. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಸ್ಥಾಪಿಸಿದ ಕೃಷ್ಣನ ಪೂಜೆಯನ್ನು ಅಷ್ಟಮಠಗಳು ಸರದಿಯಂತೆ ನಡೆಸುತ್ತವೆ. ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಈ ಏರ್ಪಾಡಿಗೆ ಪರ್ಯಾಯವೆಂದು ಹೆಸರು. ಪೂಜೆಯೊಂದಿಗೆ ಅನ್ನದಾನದ ಹೊಣೆಯೂ ಸರದಿಯಂತೆ ಬರುತ್ತಿದ್ದುದರಿಂದ ಸಾವಿರಾರು ಜನಕ್ಕೆ ಹದ ತಪ್ಪದೆ ಅಡುಗೆ ಮಾಡುವ ವಿದ್ಯೆ ಒಂದೇ ಮಠದ, ಒಂದೇ ಮನೆತನದ ಸೊತ್ತಾಗಿ ಉಳಿಯಲು ಎಡೆಯೇ ಇರಲಿಲ್ಲ. ಈರುಳ್ಳಿ, ಬೆಳ್ಳುಳ್ಳಿಗಳನ್ನು ಸೇರಿಸದಿರುವುದು, ಚಾತುರ್ಮಾಸ್ಯದ ತಿಂಗಳುಗಳಲ್ಲಿ ವ್ರತಕ್ಕೆ ತಕ್ಕಂತೆ ತರಕಾರಿ, ಮೊಸರು, ಹಾಲು, ಬೇಳೆಗಳನ್ನು ಒಂದೊಂದಾಗಿ ಬಿಡುವುದು ಮುಂತಾದ ಕಟ್ಟುಗಳು ಅಲ್ಲಿ ಬರೆದಿಟ್ಟ ನಿಯಮಗಳಿಗಿಂತ ಬಲವಾಗಿದ್ದವು. ಒಲೆಯ ಬಳಿ ನಿಂತು ದುಡಿದವನಿಗೆ ಆ ವಿದ್ಯೆ ಬರುತ್ತಿತ್ತು, ಬಂದದ್ದನ್ನು ಅವನು ಮುಂದಿನವನಿಗೆ ತೋರಿಸುತ್ತಿದ್ದ. ಗುಟ್ಟು ಎಂಬುದು ಆ ಅಡುಗೆಯಲ್ಲಿ ಇರಲಿಲ್ಲವೆಂದೇ ಹೇಳಬೇಕು.

ಹೊಟ್ಟೆಪಾಡಿಗಾಗಿ ಘಟ್ಟ ಹತ್ತಿದವರು, ಮದ್ರಾಸು ಮುಂಬಯಿಗಳಿಗೆ ಹೋದವರು ಒಯ್ದದ್ದು ಈ ವಿದ್ಯೆಯನ್ನು. ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರೂ ಸಹೋದರರೂ 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಬ್ರಾಹ್ಮಿನ್ಸ್ ಕಾಫಿ ಕ್ಲಬ್ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಕಡಂದಲೆಯ ಕೆ. ಕೃಷ್ಣರಾವ್ ಮದ್ರಾಸಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸವನ್ನು ನಡೆಸಿ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಆರಂಭಿಸಿದರು. ಕಾರ್ಕಳದ ಸಮೀಪದ ಹಳ್ಳಿಯಿಂದ ಹೋದ ಎ. ರಾಮನಾಯಕ್ 1942ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ಇವರೆಲ್ಲರ ಹುಟ್ಟೂರು ಉಡುಪಿ ಪೇಟೆಯಲ್ಲ ಎಂಬುದನ್ನು ಗಮನಿಸಬೇಕು. ಉಡುಪಿ ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು ಮಾತ್ರ. ಅದೇ ಹೆಸರಿನ ಜಿಲ್ಲೆ ಆದದ್ದು 1997ರಲ್ಲಿ. ಕುಂದಾಪುರ, ಕೋಟ, ಕಾರ್ಕಳಗಳ ಹೋಟೆಲಿಗರೂ ಉಡುಪಿಯ ಹೆಸರನ್ನೇ ಬೋರ್ಡಿಗೆ ಏರಿಸಿದರೆಂದರೆ, ಹೆಸರು ಆಗಲೇ ಊರನ್ನು ಬಿಟ್ಟು ಒಂದು ಬಗೆಯ ಅಡುಗೆಯನ್ನೂ ಒಂದು ಬಗೆಯ ಶಿಸ್ತನ್ನೂ ಸೂಚಿಸತೊಡಗಿತ್ತು ಎಂದಾಗುತ್ತದೆ.

ಹೆಸರಿನ ಹರಹು ಹಿಗ್ಗಿದ್ದರಲ್ಲಿ ಜಾತಿಯ ಚರಿತ್ರೆಯೂ ಸೇರಿಕೊಂಡಿದೆ, ಅದನ್ನು ಮರೆಮಾಚುವುದು ತಪ್ಪಾಗುತ್ತದೆ. ಆರಂಭದ ಎಷ್ಟೋ ಕಾಫಿ ಕ್ಲಬ್ಬುಗಳು ಬ್ರಾಹ್ಮಣ ಎಂಬ ಪದವನ್ನೇ ಶುಚಿಯ ಗುರುತಾಗಿ ಬಳಸಿದವು, ಊಟಕ್ಕೆ ಜಾತಿಗೆ ತಕ್ಕಂತೆ ಬೇರೆ ಬೇರೆ ಜಾಗ ಇಟ್ಟವು. 1957ರಲ್ಲಿ ಮದ್ರಾಸಿನ ಟ್ರಿಪ್ಲಿಕೇನಿನ ಮುರಳಿ ಕೆಫೆಯ ಬೋರ್ಡಿನಿಂದ ಆ ಪದವನ್ನು ತೆಗೆಯಬೇಕೆಂದು ಪೆರಿಯಾರ್ ಅವರ ದ್ರಾವಿಡರ್ ಕಳಗಂ ತಿಂಗಳುಗಟ್ಟಲೆ ಪಿಕೆಟಿಂಗ್ ನಡೆಸಿತು. ಜಾತಿಸೂಚಕ ಪದ ಹೀಗೆ ಬೋರ್ಡಿನಿಂದ ಇಳಿದಾಗ ಅದು ಮಾಡುತ್ತಿದ್ದ ಕೆಲಸವನ್ನು ಊರಿನ ಹೆಸರು ವಹಿಸಿಕೊಂಡಿತು. ಶಿವಳ್ಳಿ, ಕೋಟ ಬ್ರಾಹ್ಮಣರಲ್ಲದೆ ಕೊಂಕಣಿಗರು, ಬಂಟರು, ಬಿಲ್ಲವರು ಕೂಡ ಉಡುಪಿ ಹೋಟೆಲನ್ನು ನಡೆಸಲು ಸಾಧ್ಯವಾದದ್ದು ಹೆಸರು ಯಾರೊಬ್ಬರ ಜಾತಿಗೂ ಕಟ್ಟುಬೀಳದೆ ಎಲ್ಲರಿಗೂ ತೆರೆದಿದ್ದರಿಂದ. ಹೆಸರಿಗೆ ಕಾವಲಿಲ್ಲದಿದ್ದುದರ ದೊಡ್ಡ ಲಾಭವೆಂದರೆ ಇದೇ.

ನಷ್ಟವೂ ಅದೇ ಬಾಗಿಲಿನಿಂದ ಬಂತು. ಕರಾವಳಿಯ ಸಂಬಂಧವೇ ಇಲ್ಲದವರು, ಮಠದ ಅಡುಗೆಯ ಕಟ್ಟುಗಳನ್ನು ಕೇಳಿಯೂ ಅರಿಯದವರು ದೇಶ ವಿದೇಶಗಳಲ್ಲಿ ಈ ಬೋರ್ಡನ್ನು ಹಾಕಿದರು, ಹಾಗೆ ಮಾಡಬಾರದೆಂದು ಹೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಭಾರತದ 1958ರ ವ್ಯಾಪಾರ ಚಿಹ್ನೆ ಕಾಯಿದೆ ಸರಕುಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಹೋಟೆಲಿನಂಥ ಸೇವೆಯ ಹೆಸರನ್ನು ನೋಂದಾಯಿಸುವ ಅವಕಾಶ ದೊರೆತದ್ದು 1999ರ ಹೊಸ ಕಾಯಿದೆ 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಮೇಲೆ. ಉಡುಪಿ ಹೋಟೆಲುಗಳ ಬೆಳವಣಿಗೆಯ ಕಾಲವೆಲ್ಲ ಅಷ್ಟರೊಳಗೆ ಕಳೆದುಹೋಗಿತ್ತು. ಹೊಸ ಕಾಯಿದೆಯಲ್ಲಿಯೂ ಬರಿಯ ಊರಿನ ಹೆಸರನ್ನು ಒಬ್ಬನ ಸೊತ್ತಾಗಿ ಬರೆದುಕೊಡುವುದಿಲ್ಲ. ಆ ಹೆಸರು ಆ ಒಬ್ಬನ ವ್ಯಾಪಾರವನ್ನೇ ಸೂಚಿಸುವಷ್ಟು ರೂಢವಾಗಿದೆಯೆಂದು ಅವನು ತೋರಿಸಿಕೊಡಬೇಕು. ಆದ್ದರಿಂದ ಹೋಟೆಲಿಗರು ತಾವು ಗಳಿಸಿದ ಗಿರಾಕಿಗಳ ವಿಶ್ವಾಸವನ್ನು ಬೇರೆ ಹೆಸರುಗಳಲ್ಲಿ ಕೂಡಿಟ್ಟರು. ಮಾವಳ್ಳಿಯ ಹೋಟೆಲು 1970ರ ದಶಕದಲ್ಲಿ, ತುರ್ತುಪರಿಸ್ಥಿತಿಯ ಬೆಲೆ ನಿಯಂತ್ರಣದ ಇಕ್ಕಟ್ಟಿನಲ್ಲಿ, ದಿಢೀರ್ ತಿಂಡಿಯ ಪುಡಿಗಳನ್ನು ಮಾರಲು ಆರಂಭಿಸಿ, ಎಂಟಿಆರ್ ಎಂಬ ಮೂರಕ್ಷರವನ್ನು ಮನೆಮನೆಗೆ ಮುಟ್ಟಿಸಿತು. 2007ರಲ್ಲಿ ಪುಡಿಗಳ ಕಂಪೆನಿಯನ್ನು ನಾರ್ವೆಯ ಓರ್ಕ್ಲಾ ಕೊಂಡಿತು, ಹೋಟೆಲುಗಳು ಮಯ್ಯರ ಕುಟುಂಬದಲ್ಲಿಯೇ ಉಳಿದವು. ಒಂದೇ ಹೆಸರು ಎರಡು ಕೈಗಳಲ್ಲಿ ಇಂದಿಗೂ ನಡೆಯುತ್ತಿರುವುದು ಕಾಗದಪತ್ರದ ಬಲದಿಂದ.

ತಂತ್ರಾಂಶದ ಚರಿತ್ರೆಯಲ್ಲಿ ಇದಕ್ಕೆ ಸಮನಾದ ಘಟ್ಟ 1990ರ ದಶಕದಲ್ಲಿ ಬಂತು. ಫಿನ್‌ಲೆಂಡಿನ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ತೊಡಗಿಸಿ, ಜಗತ್ತಿನ ಅನೇಕರು ಕೈಗೂಡಿಸಿ ಬೆಳೆಸಿದ ಲಿನಕ್ಸ್ ತಂತ್ರಾಂಶದ ಹೆಸರನ್ನು ಅದರ ರಚನೆಗೆ ಸಂಬಂಧವಿಲ್ಲದ ವಿಲಿಯಂ ಡೆಲ್ಲಾ ಕ್ರೋಚೆ ಎಂಬವರು ಅಮೆರಿಕದಲ್ಲಿ ತಮ್ಮ ಟ್ರೇಡ್‌ಮಾರ್ಕಾಗಿ ನೋಂದಾಯಿಸಿಕೊಂಡು, ಲಿನಕ್ಸನ್ನು ಆಧರಿಸಿ ವ್ಯಾಪಾರ ಮಾಡುತ್ತಿದ್ದವರಿಂದ ಹಣ ಕೇಳಿದರು; ವ್ಯಾಜ್ಯ 1997ರಲ್ಲಿ ರಾಜಿಯಲ್ಲಿ ಮುಗಿದು ಹೆಸರು ಟೋರ್ವಾಲ್ಡ್ಸರಿಗೆ ಬಂತು. ಕೋಡನ್ನು ಪ್ರತಿ ಮಾಡಬಹುದು, ತಿದ್ದಬಹುದು, ಮಾರಲೂಬಹುದು ಎನ್ನುವ ಮುಕ್ತ ಪರವಾನಗಿಗಳು ಹೆಸರನ್ನು ಮಾತ್ರ ಬಿಟ್ಟುಕೊಡುವುದಿಲ್ಲ ಎಂಬ ಭೇದ ಅಂದಿನಿಂದ ಸ್ಪಷ್ಟವಾಗುತ್ತ ಹೋಯಿತು. 2004ರಲ್ಲಿ ಬಂದ ಅಪಾಚೆ ಪರವಾನಗಿಯ ಎರಡನೆಯ ಆವೃತ್ತಿ ಇದನ್ನು ಬಾಯಿಬಿಟ್ಟೇ ಹೇಳುತ್ತದೆ. ಫೈರ್‌ಫಾಕ್ಸ್ ಬ್ರೌಸರನ್ನು ತನ್ನ ರೀತಿಯಲ್ಲಿ ತಿದ್ದಿಕೊಂಡ, ಲಿನಕ್ಸನ್ನು ಹಂಚುವ ಡೆಬಿಯನ್ ಬಳಗವು 2006ರಿಂದ ಹತ್ತು ವರ್ಷ ಅದನ್ನು ಐಸ್‌ವೀಸಲ್ ಎಂಬ ಬೇರೆ ಹೆಸರಿನಲ್ಲಿ ಹಂಚಬೇಕಾಯಿತು. ಫೈರ್‌ಫಾಕ್ಸಿನ ಕಡೆಯವರೂ ಡೆಬಿಯನ್ ಕಡೆಯವರೂ ಲಾಭಕ್ಕಾಗಿ ದುಡಿಯದ ಬಳಗಗಳೇ ಆಗಿದ್ದರೂ ಹೆಸರಿನ ವಿಷಯದಲ್ಲಿ ಸಡಿಲಿಕೆ ಇರಲಿಲ್ಲ.

ಮಣಿಪಾಲದಲ್ಲಿ ಹೆಸರಿನ ಈ ಪ್ರಶ್ನೆಯ ಇನ್ನೊಂದು ಮುಖ ಕಾಣುತ್ತದೆ. ಕಿನ್ನಿಕಂಬಳದವರಾಗಿ ಮಣಿಪಾಲದಲ್ಲಿ ನೆಲೆಸಿದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡದ ಎಲ್ಲ ಗುಣಿತ, ಒತ್ತಕ್ಷರಗಳನ್ನು ಉಚ್ಚಾರಣೆಯ ತರ್ಕದಿಂದ ಮೂಡಿಸುತ್ತದೆ: ವ್ಯಂಜನದ ಮುಂದೆ ಸ್ವರವನ್ನು ಒತ್ತಿದರೆ ಅದು ಕಾಗುಣಿತವಾಗುತ್ತದೆ, ನಡುವೆ ಎಫ್ ಕೀಲಿಯನ್ನು ಒತ್ತಿದರೆ ಮುಂದಿನ ವ್ಯಂಜನ ಒತ್ತಾಗಿ ಕೂಡುತ್ತದೆ; ಕನ್ನಡ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳು ಸಾಕು. ರಾವ್ ತಮ್ಮ ತಂತ್ರಾಂಶಕ್ಕೆ ತಮ್ಮ ಹೆಸರನ್ನಿಡದೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು, ವಿನ್ಯಾಸವನ್ನು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರು. ಕರ್ನಾಟಕ ಸರ್ಕಾರ ಈ ವಿನ್ಯಾಸವನ್ನೇ ಅಧಿಕೃತ ಮಾದರಿಗೆ ಆಧಾರವಾಗಿ ಸ್ವೀಕರಿಸಿತು, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಅದು ಕಚೇರಿ ಕಚೇರಿಗೆ ತಲುಪಿತು, ಮಾರಾಟದ ತಂತ್ರಾಂಶಗಳೂ ಅದನ್ನು ಸೇರಿಸಿಕೊಂಡವು. ಆದರೆ ದಿನವೂ ಅದನ್ನು ಒತ್ತುವವರಲ್ಲಿ ಹೆಚ್ಚಿನವರ ಬಾಯಲ್ಲಿ ಅದು ನುಡಿ ಕೀಲಿಮಣೆಯಾಯಿತು, ರೂಪಿಸಿದವರ ಹೆಸರು ಹಿಂದೆ ಸರಿಯಿತು. ಕೊಟ್ಟವರು ಶುಲ್ಕವನ್ನು ಬೇಡಲಿಲ್ಲವೆಂಬ ಕಾರಣಕ್ಕೆ ಹೆಸರಿನ ಋಣವೂ ತೀರಿತೆಂದು ಬಗೆಯುವುದು ನ್ಯಾಯವಲ್ಲ.

ಹೆಸರಿಗೆ ಕಾನೂನಿನ ಬೇಲಿ ದೊರೆತದ್ದು ಕಾಪು ತಾಲ್ಲೂಕಿನ ಗದ್ದೆ, ತೋಟಗಳಲ್ಲಿ. 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಕಗಳ ಕಾಯಿದೆ, ಜನರ ಮಾತಿನಲ್ಲಿ ಜಿಐ, ಒಂದು ಪ್ರದೇಶದ ಮಣ್ಣು, ಹವೆ, ಕೌಶಲಗಳಿಂದ ಗುಣ ಪಡೆದ ಸರಕಿನ ಹೆಸರನ್ನು ಆ ಪ್ರದೇಶದ ಉತ್ಪಾದಕರ ಸಮುದಾಯಕ್ಕೆ ಕಾದಿಡುತ್ತದೆ. ಈ ಹಕ್ಕನ್ನು ಮಾರಲು, ಅಡವಿಡಲು, ಬೇರೆಯವರಿಗೆ ವಹಿಸಿಕೊಡಲು ಬರುವುದಿಲ್ಲ. ನೋಂದಣಿಯನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಬೆಳೆಗಾರರು ಅಧಿಕೃತ ಬಳಕೆದಾರರಾಗಿ ತಮ್ಮ ಹೆಸರನ್ನು ಬರೆಸಿಕೊಳ್ಳಬೇಕು. ಸೇವೆಗಳಿಗೆ ಅನ್ವಯಿಸದ ಕಾರಣ ಹೋಟೆಲಿಗೆ ಇದರಿಂದ ಪ್ರಯೋಜನವಿಲ್ಲ, ಈ ತಾಲ್ಲೂಕಿನ ಮಟ್ಟು ಗುಳ್ಳವೆಂಬ ಬದನೆಗೂ ಶಂಕರಪುರದ ಮಲ್ಲಿಗೆಗೂ ಇದೆ.

ಮಟ್ಟು ಗುಳ್ಳವೆಂದರೆ ಕಾಪು ತಾಲ್ಲೂಕಿನ ಮಟ್ಟು ಗ್ರಾಮದ, ತಿಳಿಹಸಿರು ಮೈಯಲ್ಲಿ ಬಿಳಿಯ ಗೆರೆಗಳಿರುವ, ತೊಟ್ಟಿನಲ್ಲಿ ಮುಳ್ಳಿರುವ ದುಂಡನೆಯ ಬದನೆ. ಸಿಪ್ಪೆ ತೆಳು, ಕಹಿ ಕಡಿಮೆ. ಬೇಯಿಸಿದಾಗ ತಿರುಳು ಕರಗಿ ರಸದಲ್ಲಿ ಬೆರೆಯುವುದರಿಂದ ಕಾಯಿ ಅರೆದುಹಾಕದ ಬೋಳು ಕೊದ್ದೆಲಿಗೆ ಇದಕ್ಕಿಂತ ಹೊಂದುವ ತರಕಾರಿ ಇಲ್ಲವೆಂಬುದು ಅಲ್ಲಿನವರ ನಂಬಿಕೆ. ಸೋದೆ ಮಠದ ವಾದಿರಾಜರು 16ನೇ ಶತಮಾನದಲ್ಲಿ ಇದರ ಬೀಜವನ್ನು ಊರವರಿಗೆ ಅನುಗ್ರಹಿಸಿದರೆಂಬ ಐತಿಹ್ಯವಿದೆ, ಮೊದಲ ಫಸಲು ಕೃಷ್ಣಮಠಕ್ಕೆ ಸಲ್ಲುತ್ತದೆ. ಮಳೆಗಾಲದ ಭತ್ತವಾದ ಮೇಲೆ ಅದೇ ಗದ್ದೆಗಳಲ್ಲಿ ಬೆಳೆಯುವ ಈ ಬೆಳೆಗೆ 2011ರಲ್ಲಿ ಜಿಐ ನೋಂದಣಿಯಾಯಿತು. ಆ ಹೊತ್ತಿಗೆ ಬೇರೆಡೆಯ ಗುಳ್ಳವನ್ನು ಮಟ್ಟುವಿನದೆಂದು ಮಾರುವ ರೂಢಿ ಸಂತೆಗಳಲ್ಲಿ ಬಲಿತಿತ್ತು. ಬೆಳೆಗಾರರ ಸಂಘವು ಕಾಯಿಗಳನ್ನು ವಿಂಗಡಿಸಿ, ಗುರುತಿನ ಚೀಟಿಯನ್ನು ಅಂಟಿಸಿ ಮಾರುವ ಪದ್ಧತಿಯನ್ನು ತಂದಿತು.

ಗುಳ್ಳದ ಪ್ರಸಂಗ ಇಷ್ಟಕ್ಕೇ ಮುಗಿಯುವುದಿಲ್ಲ. ಕುಲಾಂತರಿ ಬದನೆಯನ್ನು, ಎಂದರೆ ಬ್ಯಾಕ್ಟೀರಿಯಾದ ಜೀನನ್ನು ಸೇರಿಸಿ ಹುಳುವಿಗೆ ಮಾರಕವಾಗುವಂತೆ ಮಾಡಿದ ಬದನೆಯನ್ನು, ರೂಪಿಸುವ ಯೋಜನೆಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಬಳಸಿದ ಸ್ಥಳೀಯ ತಳಿಗಳ ಪಟ್ಟಿಯಲ್ಲಿ ಉಡುಪಿ ಗುಳ್ಳವೂ ಇತ್ತು. 2010ರ ಫೆಬ್ರವರಿ 9ರಂದು ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಅಂಥ ಬದನೆಯ ಬೇಸಾಯಕ್ಕೆ ತಡೆ ವಿಧಿಸಿದರು. ಸ್ಥಳೀಯ ತಳಿಗಳನ್ನು 2002ರ ಜೀವವೈವಿಧ್ಯ ಕಾಯಿದೆಯಂತೆ ಅನುಮತಿ ಪಡೆಯದೆ ಬಳಸಲಾಗಿದೆಯೆಂಬ ದೂರು ಅದೇ ವರ್ಷ ಎದ್ದಿತು. ಜಿಐ ಕಾಯಿದೆ ಬೀಜವನ್ನು ಕಟ್ಟಿಹಾಕುವುದಿಲ್ಲ, ಯಾರು ಎಲ್ಲಿ ಬೇಕಾದರೂ ಅದನ್ನು ಬಿತ್ತಬಹುದು, ಬೆಳೆದದ್ದನ್ನು ಮಟ್ಟು ಗುಳ್ಳವೆಂದು ಕರೆಯಬಾರದು ಅಷ್ಟೆ. ತಳಿಯ ಮೇಲಿನ ಹಕ್ಕು ಇನ್ನೊಂದು ಕಾಯಿದೆಯ ಮಾತು. ಮುಕ್ತ ತಂತ್ರಾಂಶದವರು ಕೋಡನ್ನೂ ಹೆಸರನ್ನೂ ಬೇರ್ಪಡಿಸಿದ ರೀತಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಶಂಕರಪುರದ ಮಲ್ಲಿಗೆಯ ಕಥೆ ಬೇರೆ. ಮೊಗ್ಗುಗಳನ್ನು ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ, 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕದಲ್ಲಿ ಮಾರುತ್ತಾರೆ; ಅಟ್ಟೆಯ ದರ ಶಂಕರಪುರದಲ್ಲಿ ದಿನವೂ ನಿಗದಿಯಾಗಿ ಮುಂಬಯಿಯವರೆಗೆ ನಡೆಯುತ್ತದೆ. ಹಿಂದೂಗಳೂ ಕ್ರೈಸ್ತರೂ ಮನೆಯಂಗಳದಲ್ಲಿ ಬೆಳೆದು, ಮನೆಯ ಹೆಂಗಸರು ಕಟ್ಟಿಕೊಡುವ ಈ ಹೂವಿಗೆ 2007-08ರ ಸಾಲಿನಲ್ಲಿ ತೋಟಗಾರಿಕೆ ಇಲಾಖೆಯ ಅರ್ಜಿಯ ಮೇಲೆ ನೋಂದಣಿ ದೊರೆಯಿತು, ಉಡುಪಿ ಮಲ್ಲಿಗೆ ಎಂಬ ಹೆಸರಿನಲ್ಲಿ. ಪೇಟೆ ಬಲ್ಲ ಶಂಕರಪುರದ ಹೆಸರು ದಾಖಲೆಯಲ್ಲಿ ಜಿಲ್ಲೆಯ ಹೆಸರಿಗೆ ಎಡೆ ಬಿಟ್ಟುಕೊಟ್ಟಿತು. ಸಣ್ಣ ಊರು ಗಳಿಸಿದ ಕೀರ್ತಿ ದೊಡ್ಡ ಊರಿನ ಖಾತೆಗೆ ಹೋಗುವುದು ಇಲ್ಲಿ ಸರ್ಕಾರದ ಕೈಯಿಂದಲೇ ನಡೆಯಿತು.

ಉಡುಪಿ ಸೀರೆಗೂ ಈಗ ಜಿಐ ಇದೆ. 19ನೇ ಶತಮಾನದಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನು ತೆರೆದು ಹೊಸ ಬಗೆಯ ಮಗ್ಗಗಳನ್ನು ಬಳಕೆಗೆ ತಂದ ಮೇಲೆ ಅವಿಭಜಿತ ಜಿಲ್ಲೆಯ ನೇಕಾರರ ಮನೆಗಳಲ್ಲಿಯೂ ಅವು ಹಬ್ಬಿದವು, ಸಹಕಾರ ಸಂಘಗಳು ಎದ್ದವು; ಆ ಹಗುರವಾದ ಹತ್ತಿಯ ಸೀರೆ ಕರಾವಳಿಯ ಹೆಂಗಸರ ನಿತ್ಯದ ಉಡುಗೆಯಾಗಿತ್ತು. ಹೆಸರಿಗೆ ರಕ್ಷಣೆ ದೊರೆಯುವ ವೇಳೆಗೆ ಮಗ್ಗದ ಮುಂದೆ ಉಳಿದವರು ಬೆರಳೆಣಿಕೆಯ ವೃದ್ಧರು. ಕಳ್ಳ ಹೆಸರಿನ ವ್ಯಾಪಾರವನ್ನು ತಡೆಯುವ ಕಾಯಿದೆಗೆ ನೇಯುವವರನ್ನು ಹುಟ್ಟಿಸುವ ಶಕ್ತಿಯಿಲ್ಲದ್ದರಿಂದ ಆ ಕೆಲಸವನ್ನು ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘವೂ ಕಾರ್ಕಳದ ಕದಿಕೆ ಟ್ರಸ್ಟೂ ಕೈಗೆತ್ತಿಕೊಂಡವು. ಹಳೆಯ ನೇಕಾರರನ್ನು ಮತ್ತೆ ಕೂರಿಸಿ, ಹೊಸಬರಿಗೆ ಹಾಸು ಹೂಡುವುದನ್ನು, ಲಾಳಿ ಎಸೆಯುವುದನ್ನು ಕಲಿಸಿ, ನೇಯ್ದ ಸೀರೆಗೆ ಬಾಳುವಷ್ಟು ಕೂಲಿ ಹುಟ್ಟುವಂತೆ ಗಿರಾಕಿಗಳನ್ನು ಹುಡುಕುವ ಕೆಲಸ ಅಲ್ಲಿ ನಡೆಯುತ್ತಿದೆ.