ಪಾನಪಾತ್ರೆಯ ಬಿಳಿ ದ್ರಾಕ್ಷಾರಸ: ರೋನ್ ನದಿಯ ದಡದಿಂದ ದಖನಿನವರೆಗೆ



ಬೀದರ, ಭಾಲ್ಕಿ, ಔರಾದ ಕಡೆಯ ಮಕ್ಕಳನ್ನು ಪ್ರಥಮ ಪರಮಪ್ರಸಾದಕ್ಕೆ ಸಿದ್ಧಪಡಿಸುವಾಗ ನಮಗೆ ಒಂದು ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. "ಫಾದರ್, ರಕ್ತ ಕೆಂಪಗಿರುತ್ತದಲ್ಲ, ಪಾನಪಾತ್ರೆಗೆ ನೀವು ಹಾಕುವುದು ಬಿಳಿ ಯಾಕೆ?" ಪೀಠದ ಹತ್ತಿರ ನಿಲ್ಲುವ ಹುಡುಗರೇ ಹೆಚ್ಚಾಗಿ ಇದನ್ನು ಕೇಳುತ್ತಾರೆ, ಏಕೆಂದರೆ ಗಾಜಿನ ಸಣ್ಣ ಹೂಜಿಯನ್ನು ಕೈಯಲ್ಲಿ ಹಿಡಿದವರು ಅವರೇ. ಇದರ ಜೊತೆಗೆ ದೊಡ್ಡವರ ಪ್ರಶ್ನೆಯೂ ಒಂದಿದೆ. ನಮ್ಮ ಬೀದರದ ಕ್ರೈಸ್ತರಲ್ಲಿ ಬಹುಪಾಲು ಮೆಥೊಡಿಸ್ಟ್ ಸಭೆಯವರು. ಮಂಗಲಪೇಟೆಯಲ್ಲಿ ಒಬ್ಬ ಅತ್ತೆ, ಭಾಲ್ಕಿಯಲ್ಲಿ ಒಬ್ಬ ಮಾವ ಆ ಸಭೆಯಲ್ಲಿರುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವರ ಕರ್ತನ ಭೋಜನಕ್ಕೆ ಹೋಗಿ ಬಂದವರು, "ಅವರಲ್ಲಿ ಬರೀ ದ್ರಾಕ್ಷಿ ಹಣ್ಣಿನ ರಸ, ನಮ್ಮಲ್ಲಿ ಯಾಕೆ ಮದ್ಯ?" ಎನ್ನುತ್ತಾರೆ. ಕುಡಿತದಿಂದ ಬಳಲಿದ ಮನೆಯ ತಾಯಿ ಹಾಗೆ ಕೇಳಿದಾಗ ಅದು ಹಗುರವಾದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಎರಡಕ್ಕೂ ಉತ್ತರ ಹುಡುಕಲು ನಾವು ಈ ಲೇಖನದಲ್ಲಿ ದ್ರಾಕ್ಷಿಯ ಬಳ್ಳಿಯನ್ನೇ ಹಿಡಿದು ಹೋಗೋಣ.

ಬಣ್ಣದ ಮಾತನ್ನು ಬೇಗ ಮುಗಿಸಬಹುದು. ದ್ರಾಕ್ಷಾರಸವು ದ್ರಾಕ್ಷಿ ಬಳ್ಳಿಯ ಹಣ್ಣಿನಿಂದಲೇ ಆದ, ಸ್ವಾಭಾವಿಕವಾದ, ಕೆಡದಿರುವ ರಸವಾಗಿರಬೇಕು ಎಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿ ಹೇಳುತ್ತದೆ. ಬಣ್ಣದ ವಿಷಯದಲ್ಲಿ ಅದು ಮೌನವಾಗಿದೆ. ಲತೀನ್ ಸಂಪ್ರದಾಯದಲ್ಲಿ ಬಿಳಿಯದು ಬಳಕೆಗೆ ಬಂದದ್ದಕ್ಕೆ ದೊಡ್ಡ ಕಾರಣವೆಂದರೆ ಪೀಠದ ಬಿಳಿ ವಸ್ತ್ರಗಳು. ಕೆಂಪು ಕಲೆಯನ್ನು ತೊಳೆದು ತೆಗೆಯುವ ಕಷ್ಟ ನಮ್ಮ ಕನ್ಯಾಸ್ತ್ರೀಯರಿಗೆ ಚೆನ್ನಾಗಿ ಗೊತ್ತು. ಇನ್ನೊಂದು ವಿಷಯ: ಕಪ್ಪು ದ್ರಾಕ್ಷಿಯ ತಿರುಳಿನ ರಸವೂ ಸಾಮಾನ್ಯವಾಗಿ ತಿಳಿಯಾಗಿಯೇ ಇರುತ್ತದೆ. ಕೆಂಪು ಬರುವುದು ಸಿಪ್ಪೆಯಿಂದ. ಸಿಪ್ಪೆಯೊಂದಿಗೆ ಹುದುಗಿಸಿದರೆ ಕೆಂಪು, ಮೊದಲೇ ಹಿಂಡಿ ಸಿಪ್ಪೆ ಬೇರ್ಪಡಿಸಿದರೆ ಬಿಳಿ.

ಈಗ ಬಳ್ಳಿಯ ಕಡೆಗೆ ಬರೋಣ. ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದಿಂದ ರೋನ್ ನದಿ ದಕ್ಷಿಣಕ್ಕೆ ಹರಿಯುತ್ತದೆ. ವಿಯೆನ್ ಎಂಬ ಹಳೆಯ ರೋಮನ್ ಪಟ್ಟಣವನ್ನು ದಾಟಿದ ಮೇಲೆ ಬಲದಂಡೆಯಲ್ಲಿ ಕಾಂದ್ರಿಯು ಎಂಬ ಸಣ್ಣ ಊರು ಸಿಗುತ್ತದೆ. ನಮ್ಮ ಧರ್ಮಸಭೆಯ ಚರಿತ್ರೆ ಓದಿದವರಿಗೆ ಲಿಯೋನ್ ಮತ್ತು ವಿಯೆನ್ ಹೆಸರು ಕೇಳಿದೊಡನೆ ಮೈ ನವಿರೇಳುತ್ತದೆ. ಕ್ರಿ.ಶ. 177ರಲ್ಲಿ ಈ ಎರಡು ಪಟ್ಟಣಗಳ ವಿಶ್ವಾಸಿಗಳು ಹಿಂಸೆಗೆ ಗುರಿಯಾದರು. ತೊಂಬತ್ತು ದಾಟಿದ ಧರ್ಮಾಧ್ಯಕ್ಷ ಸಂತ ಪೊಥಿನಸ್, ವಿಯೆನ್‌ನ ಸೇವಾದರ್ಶಿ ಸಾಂಕ್ತಸ್, ದಾಸಿ ಹುಡುಗಿ ಸಂತ ಬ್ಲಾಂದಿನಾ ಇವರೆಲ್ಲ ಆಗ ಪ್ರಾಣ ಕೊಟ್ಟರು. ರಕ್ತಸಾಕ್ಷಿಗಳ ಶರೀರಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಗುಡಿಸಿ ಹಾಕಿದರೆಂದು ಆ ಸಭೆಗಳೇ ಬರೆದ ಪತ್ರ ಹೇಳುತ್ತದೆ. ಅದನ್ನು ಚರಿತ್ರೆಕಾರ ಯುಸೇಬಿಯಸ್ ಉಳಿಸಿಕೊಟ್ಟಿದ್ದಾನೆ. ಪೊಥಿನಸರ ನಂತರ ಧರ್ಮಾಧ್ಯಕ್ಷರಾದವರು ಸಂತ ಇರೇನಿಯಸ್. 2022ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಸೃಷ್ಟಿಯೇ ಕೆಟ್ಟದ್ದು, ದೇಹವೇ ಹೊಲಸು ಎನ್ನುತ್ತಿದ್ದ ಗುಂಪುಗಳಿಗೆ ಇರೇನಿಯಸರು ಕೊಟ್ಟ ಉತ್ತರದಲ್ಲಿ ದ್ರಾಕ್ಷಿ ಬಳ್ಳಿ ಬರುತ್ತದೆ. ನೆಲದಲ್ಲಿ ನೆಟ್ಟ ಬಳ್ಳಿಯ ತುಂಡು ತನ್ನ ಕಾಲಕ್ಕೆ ಹಣ್ಣು ಕೊಡುತ್ತದೆ, ಆ ಹಣ್ಣೇ ದೇವರ ವಾಕ್ಯದಿಂದ ಕ್ರಿಸ್ತರ ರಕ್ತವಾಗುತ್ತದೆ, ಹಾಗಿರುವಾಗ ಸೃಷ್ಟಿ ಹೇಗೆ ಕೆಟ್ಟದ್ದಾದೀತು ಎಂಬುದು ಅವರ ವಾದದ ಸಾರ. ಕಣ್ಣೆದುರಿನ ದ್ರಾಕ್ಷಿ ತೋಟಗಳನ್ನು ನೋಡಿಯೇ ಅವರು ಹೀಗೆ ಬರೆದಿರಬೇಕು ಎಂದು ನಮಗೆ ಅನಿಸುತ್ತದೆ. ಅವರಿಗಿಂತ ನೂರು ವರ್ಷ ಹಿಂದೆಯೇ ರೋಮಿನ ಲೇಖಕ ಪ್ಲಿನಿ ವಿಯೆನ್ ಸುತ್ತಲಿನ ದ್ರಾಕ್ಷಾರಸವನ್ನು ಹೆಸರಿಸಿದ್ದ.

ಇಂದು ಕಾಂದ್ರಿಯು ಊರಿಗೆ ಹೆಸರು ತಂದಿರುವುದು ವಿಯೊನಿಯೇ ಎಂಬ ಬಿಳಿ ದ್ರಾಕ್ಷಿ. ಇದನ್ನು ಪ್ರೋಬಸ್ ಚಕ್ರವರ್ತಿ ಮೂರನೆಯ ಶತಮಾನದಲ್ಲಿ ದಲ್ಮಾತಿಯ ಸೀಮೆಯಿಂದ ತರಿಸಿದನೆಂಬ ಕಥೆಯನ್ನು ಅಲ್ಲಿಯವರು ಹೇಳುತ್ತಾರೆ. ಕಥೆ ಚೆನ್ನಾಗಿದೆ, ಅಷ್ಟೇ. ಡಿ.ಎನ್.ಎ. ಪರೀಕ್ಷೆಗಳು ಇದರ ನೆಂಟಸ್ತನವನ್ನು ಆಲ್ಪ್ಸ್ ಪರ್ವತದ ಆಚೀಚಿನ ದ್ರಾಕ್ಷಿಗಳೊಂದಿಗೆ ತೋರಿಸಿವೆ. ಇದು ಸುಲಭದ ಬೆಳೆಯಲ್ಲ. ಫಸಲು ಒಂದು ವರ್ಷ ಇದ್ದಂತೆ ಇನ್ನೊಂದು ವರ್ಷ ಇರುವುದಿಲ್ಲ. ಪೂರ್ತಿ ಹಣ್ಣಾಗುವವರೆಗೆ ಪರಿಮಳವೇ ಹುಟ್ಟುವುದಿಲ್ಲ. ಹಣ್ಣಾದ ಮೇಲೆ ತಡಮಾಡಿದರೆ ಅದರ ಹುಳಿ ಇಳಿದು ರಸ ಸಪ್ಪೆಯಾಗುತ್ತದೆ. ಸರಿಯಾದ ದಿನ ಕಿತ್ತರೆ ಮಾತ್ರ ಜರ್ದಾಳು ಹಣ್ಣಿನ ಘಮ ಕೊಡುವ ಹೊಂಬಣ್ಣದ ದ್ರಾಕ್ಷಾರಸ ಸಿಗುತ್ತದೆ.

ಅದರ ತೋಟಗಳು ನದಿಯ ಮೇಲಿನ ಕಡಿದಾದ ಕಲ್ಲುಗುಡ್ಡದಲ್ಲಿ ಮೆಟ್ಟಿಲು ಮೆಟ್ಟಿಲಾಗಿವೆ. ಗಳೆ ಹೊಡೆಯಲಾಗದ ಅಲ್ಲಿ ಎಲ್ಲವೂ ಕೈಯ ಕೆಲಸ. ಮಳೆಗೆ ಜಾರಿದ ಮಣ್ಣನ್ನು ಹೊತ್ತು ಮತ್ತೆ ಮೇಲಕ್ಕೆ ಹಾಕಬೇಕು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರು ಹೇನು ಫ್ರಾನ್ಸಿನ ತೋಟಗಳನ್ನು ನಾಶಮಾಡಿತು. ನಂತರ 1914ರ ಮಹಾಯುದ್ಧ ಬಂದು ಹಳ್ಳಿಯ ಯುವಕರನ್ನು ನುಂಗಿತು. ಉಳಿದವರನ್ನು ಕಣಿವೆಯ ಕಾರ್ಖಾನೆಗಳು ಕರೆದುಕೊಂಡವು. ತಿಂಗಳ ಸಂಬಳ ಬಿಟ್ಟು ಗುಡ್ಡಕ್ಕೆ ಮಣ್ಣು ಹೊರುವವರು ಯಾರು? ಹೈದರಾಬಾದಿಗೂ ಪುಣೆಗೂ ಕೆಲಸಕ್ಕೆ ಹೋದ ಮಕ್ಕಳ ಹೊಲ ಬೀಳು ಬಿದ್ದಿರುವುದನ್ನು ಔರಾದ ತಾಲ್ಲೂಕಿನಲ್ಲಿ ನೋಡಿದವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. 1940ರಲ್ಲಿ ಕಾಂದ್ರಿಯು ಹೆಸರಿಗೆ ಸರಕಾರದ ಕಾನೂನಿನ ರಕ್ಷಣೆ ಸಿಕ್ಕಿತು. ಆದರೂ 1960ರ ದಶಕದ ವೇಳೆಗೆ ಅಲ್ಲಿ ಉಳಿದಿದ್ದ ವಿಯೊನಿಯೇ ಬಳ್ಳಿ ಹತ್ತು ಹದಿನೈದು ಹೆಕ್ಟೇರ್ ಮಾತ್ರ. ಜಗತ್ತಿನ ಬೇರೆಡೆ ಅದು ಇಲ್ಲವೆಂದೇ ಹೇಳಬೇಕು. ಅಂಥ ದಿನಗಳಲ್ಲಿ ಜಾರ್ಜ್ ವೆರ್ನೇ ಎಂಬ ಬೆಳೆಗಾರ ಪಾಳುಬಿದ್ದ ಮೆಟ್ಟಿಲುಗಳನ್ನು ಮತ್ತೆ ಕಟ್ಟಿಸಿ ಬಳ್ಳಿ ನೆಟ್ಟರು. ನೆರೆಯವರು ಅವರನ್ನು ಹಿಂಬಾಲಿಸಿದರು. ಈಗ ಕಾಂದ್ರಿಯು ತೋಟಗಳು ಇನ್ನೂರು ಹೆಕ್ಟೇರಿನ ಹತ್ತಿರ ಬಂದಿವೆ. 2017ರಲ್ಲಿ ವೆರ್ನೇ ತೀರಿಕೊಂಡಾಗ ಅವರ ಬಳ್ಳಿಯ ಜಾತಿ ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾಗಳಿಗೂ ಹಬ್ಬಿತ್ತು.

ನಮ್ಮ ಕರ್ನಾಟಕಕ್ಕೂ ಅದು ಬಂತು. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ದ್ರಾಕ್ಷಿ ಜಾತಿಗಳನ್ನು ಬೆಳೆಸಿದರು. ಅವರ ಸಂಸ್ಥೆ 1988ರಲ್ಲಿ ಆರಂಭವಾಯಿತು. ಬಿಳಿಯದರಲ್ಲಿ ಅಲ್ಲಿ ನೆಲೆ ನಿಂತವುಗಳಲ್ಲಿ ವಿಯೊನಿಯೇ ಒಂದು, ದಕ್ಷಿಣ ಫ್ರಾನ್ಸಿನ ಕ್ಲೆರೆತ್ ಇನ್ನೊಂದು. ಫ್ರಾನ್ಸಿನಲ್ಲಿ ಬಳ್ಳಿ ಚಳಿಗಾಲವಿಡೀ ಮಲಗಿ, ವಸಂತದಲ್ಲಿ ಎದ್ದು, ಸೆಪ್ಟೆಂಬರ್ ಸುಮಾರಿಗೆ ಹಣ್ಣು ಕೊಡುತ್ತದೆ. ನಮ್ಮ ಹವೆಯಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಆದ್ದರಿಂದ ನಮ್ಮ ರೈತರು ವರ್ಷಕ್ಕೆ ಎರಡು ಸಲ ಚಾಟಣಿ ಮಾಡುತ್ತಾರೆ. ಏಪ್ರಿಲ್ ಹೊತ್ತಿಗೆ ಕಡ್ಡಿ ಬಲಿಯಲು ಒಂದು, ಅಕ್ಟೋಬರ್ ಹೊತ್ತಿಗೆ ಹಣ್ಣಿಗಾಗಿ ಇನ್ನೊಂದು. ಹಣ್ಣು ಕೈಗೆ ಬರುವುದು ಫೆಬ್ರುವರಿ, ಮಾರ್ಚ್‌ನಲ್ಲಿ, ಅಂದರೆ ಹೆಚ್ಚುಕಡಿಮೆ ನಮ್ಮ ತಪಸ್ಸುಕಾಲದಲ್ಲಿ. ಫಲ ಕೊಡುವ ಕವಲನ್ನು ತಂದೆಯು ಸವರುತ್ತಾರೆ ಎಂಬ ಯೊವಾನ್ನರ 15ನೆಯ ಅಧ್ಯಾಯದ ಮಾತು ಪಲೆಸ್ತೀನಿನಲ್ಲಿ ವರ್ಷಕ್ಕೊಮ್ಮೆ ನಡೆದರೆ ದಖನಿನಲ್ಲಿ ಎರಡು ಸಲ ನಡೆಯುತ್ತದೆ!

ಹಾಗೆಂದು ದಖನಿಗೆ ದ್ರಾಕ್ಷಿ ಕಲಿಸಿದವರು ಫ್ರೆಂಚರು ಎಂದುಕೊಳ್ಳಬಾರದು. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ದೌಲತಾಬಾದಿನಲ್ಲಿ ದ್ರಾಕ್ಷಿ, ದಾಳಿಂಬೆ ವರ್ಷಕ್ಕೆ ಎರಡು ಸಲ ಹಣ್ಣು ಬಿಡುವುದನ್ನು ಬರೆದಿಟ್ಟ. ಅದೇ ದೌಲತಾಬಾದಿನಲ್ಲಿ 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯ ಗುಲ್ಬರ್ಗಾಕ್ಕೆ ಬಂದು, ಸುಮಾರು 1430ರ ಹೊತ್ತಿಗೆ ನಮ್ಮ ಬೀದರಕ್ಕೆ ರಾಜಧಾನಿಯನ್ನು ತಂದಿತು. ಪರ್ಶಿಯಾದ ಜನ, ವಿದ್ಯೆ, ನೌಬಾದಿನ ಕಾರೇಜಿನಂಥ ನೆಲದಡಿಯ ನೀರಿನ ಕಾಲುವೆ ಎಲ್ಲವೂ ಆ ದಾರಿಯಲ್ಲಿ ಬಂದವು. ಮುಂದೆ ಬೀದರವು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತು. 1890ರ ಸುಮಾರಿಗೆ ಅಬ್ದುಲ್ ಬಾಕರ್ ಖಾನ್ ಎಂಬವರು ಹೈದರಾಬಾದಿಗೆ ಒಂದು ಬಿಳಿ ದ್ರಾಕ್ಷಿಯನ್ನು ತಂದು ಬೆಳೆಸಿದರು. ಅದೇ ಅನಾಬ್-ಎ-ಶಾಹಿ, ಅಂದರೆ ರಾಜ ದ್ರಾಕ್ಷಿ. ಉದ್ದನೆಯ ಹಣ್ಣು, ಭಾರವಾದ ಗೊನೆ, ಬೀಜ ಉಂಟು. ಬೀಜವಿಲ್ಲದ ಥಾಮ್ಸನ್ ದ್ರಾಕ್ಷಿ ಮಾರುಕಟ್ಟೆಯನ್ನು ಹಿಡಿಯುವ ಮುಂಚೆ ಹೈದರಾಬಾದ್ ಸುತ್ತಿನ ತೋಟಗಳಲ್ಲಿ ಇದರದೇ ರಾಜ್ಯವಾಗಿತ್ತು. 1956ರ ನವೆಂಬರ್ 1ರಂದು ಬೀದರವು ಮೈಸೂರು ರಾಜ್ಯಕ್ಕೆ ಬಂತು. ಆದರೂ ನಮ್ಮ ಹಿರಿಯರ ಬಾಯಲ್ಲಿ ದ್ರಾಕ್ಷಿ ಇನ್ನೂ 'ಅಂಗೂರ'ವೇ.

ಅನಾಬ್-ಎ-ಶಾಹಿ ತಿನ್ನುವ ಹಣ್ಣು, ಹುದುಗಿಸುವ ಹಣ್ಣಲ್ಲ. ಸಕ್ಕರೆಯೇ ಹುದುಗಿ ಮದ್ಯಸಾರವಾಗುವುದರಿಂದ ದ್ರಾಕ್ಷಾರಸದ ಹಣ್ಣಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿಗಿಂತ ಹೆಚ್ಚು ಸಿಹಿ ಇದ್ದರೆ ಒಳ್ಳೆಯದು. ಇದರಲ್ಲಿ ಹದಿನಾಲ್ಕರಿಂದ ಹದಿನಾರು. ಬೆಂಗಳೂರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಕೊರತೆಯನ್ನು ಬೇರೆ ರೀತಿಯಲ್ಲಿ ಗೆದ್ದರು. ಬೆಂಗಳೂರು ನೀಲಿ ದ್ರಾಕ್ಷಿಗೂ ಹೈದರಾಬಾದಿನ ಅನಾಬ್-ಎ-ಶಾಹಿಗೂ ಸಂಕರ ಮಾಡಿ 'ಅರ್ಕಾ ಹಂಸ' ಎಂಬ ಬಿಳಿ ತಳಿಯನ್ನು ದ್ರಾಕ್ಷಾರಸಕ್ಕೆಂದೇ ತೆಗೆದರು. ಹಳೆ ಮೈಸೂರು ಸೀಮೆಯ ತಾಯಿ, ನಿಜಾಮ ಸೀಮೆಯ ತಂದೆ! ಏಕೀಕರಣವನ್ನು ಬಳ್ಳಿಯಲ್ಲಿಯೇ ಮಾಡಿದಂತೆ.

ದ್ರಾಕ್ಷಾರಸ ಸಿಗದ ಕಾಲದಲ್ಲಿ ನಮ್ಮ ದೇಶದ ಕ್ರೈಸ್ತರು ಏನು ಮಾಡುತ್ತಿದ್ದರು? 16ನೆಯ ಶತಮಾನದ ಪೋರ್ಚುಗೀಸ್ ಲೇಖಕ ದುವಾರ್ತೆ ಬಾರ್ಬೋಸಾ ಮಲಬಾರಿನ ಸಂತ ತೋಮರ ಕ್ರೈಸ್ತರ ಬಗ್ಗೆ ಬರೆಯುತ್ತಾನೆ: ಮೆಕ್ಕಾ, ಹೋರ್ಮುಜ್‌ಗಳಿಂದ ಬಂದ ಒಣದ್ರಾಕ್ಷಿಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಮರುದಿನ ಹಿಂಡಿ, ಆ ರಸದಿಂದ ಪೂಜೆ ಮಾಡುತ್ತಿದ್ದರಂತೆ. ಅದಕ್ಕೂ ಮುಂಚೆ, 1470ರ ದಶಕದ ಆರಂಭದಲ್ಲಿ, ಅದೇ ಹೋರ್ಮುಜ್ ದಾರಿಯಿಂದ ರಷ್ಯಾದ ಕ್ರೈಸ್ತ ವ್ಯಾಪಾರಿ ಅಫನಾಸಿ ನಿಕಿತಿನ್ ನಮ್ಮ ಬೀದರಕ್ಕೆ ಬಂದಿದ್ದ. ಮಹಮೂದ್ ಗವಾನನ ಕಾಲವದು, ಅವನ ಮದರಸಾ ಎದ್ದ ವರ್ಷಗಳು. ದಾರಿಯಲ್ಲಿ ದರೋಡೆಯಾಗಿ ಪುಸ್ತಕಗಳನ್ನು ಕಳೆದುಕೊಂಡಿದ್ದ ನಿಕಿತಿನ್‌ಗೆ ಪಾಸ್ಖ ಹಬ್ಬ ಯಾವ ದಿನ ಎಂಬುದೇ ತಿಳಿಯದಾಯಿತು. ಅಂದಾಜಿನ ಮೇಲೆ ಉಪವಾಸ ಮಾಡಿದ. ಗುರುವಿಲ್ಲ, ಪೀಠವಿಲ್ಲ, ಪಾನಪಾತ್ರೆಯಿಲ್ಲ. ಬೀದರದ ಕ್ರೈಸ್ತರ ಚರಿತ್ರೆ ಬರೆಯುವವರು ಈ ಒಂಟಿ ಮನುಷ್ಯನನ್ನು ಮರೆಯಬಾರದು ಎಂಬುದು ನಮ್ಮ ಅಭಿಪ್ರಾಯ.

ಇನ್ನು ದೊಡ್ಡವರ ಪ್ರಶ್ನೆ. ಮೆಥೊಡಿಸ್ಟರ ದ್ರಾಕ್ಷಿ ರಸದ ಹಿಂದೆಯೂ ಗೌರವಿಸಬೇಕಾದ ಚರಿತ್ರೆಯಿದೆ. 19ನೆಯ ಶತಮಾನದ ಅಮೆರಿಕದಲ್ಲಿ ಕುಡಿತ ಮನೆಗಳನ್ನು ಹಾಳುಮಾಡುತ್ತಿದ್ದುದನ್ನು ಕಂಡು ಆ ಸಭೆಯವರು ಮದ್ಯದ ವಿರುದ್ಧ ನಿಂತರು. 1869ರಲ್ಲಿ ನ್ಯೂಜೆರ್ಸಿಯ ಥಾಮಸ್ ವೆಲ್ಚ್ ಎಂಬ ದಂತವೈದ್ಯ, ಆತನೂ ಮೆಥೊಡಿಸ್ಟನೇ, ದ್ರಾಕ್ಷಿ ರಸವನ್ನು ಬಾಟಲಿಯಲ್ಲಿ ಬಿಸಿಮಾಡಿ ಹುದುಗದಂತೆ ಉಳಿಸುವುದನ್ನು ಕಂಡುಕೊಂಡ. ಅದು ಅವರ ಪ್ರಭುಭೋಜನಕ್ಕೆ ಬಂತು, ಮಿಷನರಿಗಳ ಜೊತೆ ಆ ಪದ್ಧತಿ ಬೀದರಕ್ಕೂ ತಲುಪಿತು. ನಾವಾದರೋ ಯೇಸುಸ್ವಾಮಿ ಕಡೆಯ ಭೋಜನದಲ್ಲಿ ತೆಗೆದುಕೊಂಡ ದ್ರಾಕ್ಷಾರಸವನ್ನೇ ಉಳಿಸಿಕೊಂಡು ಬಂದವರು. ಆದರೆ ಮದ್ಯ ಮುಟ್ಟಬಾರದ ಗುರುಗಳ ಕಷ್ಟವನ್ನು ಧರ್ಮಸಭೆ ಅರಿತಿದೆ. ಅಂಥವರು ಧರ್ಮಾಧ್ಯಕ್ಷರ ಅನುಮತಿಯಿಂದ 'ಮುಸ್ತುಮ್' ಎಂಬ, ಹುದುಗುವಿಕೆಯನ್ನು ತಡೆದ ಶುದ್ಧ ದ್ರಾಕ್ಷಿ ರಸವನ್ನು ಬಳಸಬಹುದೆಂದು ರೋಮಿನ ವಿಶ್ವಾಸ ಪರಿಷತ್ತು 2003ರ ಜುಲೈ ತಿಂಗಳ ಪತ್ರದಲ್ಲಿ ಸ್ಪಷ್ಟಪಡಿಸಿದೆ. ಕುಡಿತದ ರೋಗದಿಂದ ಎದ್ದು ಬಂದ ವಿಶ್ವಾಸಿಗೂ ಚಿಂತೆ ಬೇಡ. ರೊಟ್ಟಿಯ ರೂಪದಲ್ಲಿ ಮಾತ್ರ ಸ್ವೀಕರಿಸಿದರೂ ಕ್ರಿಸ್ತರು ಪೂರ್ಣವಾಗಿಯೇ ಬರುತ್ತಾರೆ.

2007ನ್ನು ನೆನೆಸಿಕೊಳ್ಳಿ. ಆ ವರ್ಷ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಅದೇ ವರ್ಷ ಸರಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ಹೊರಡಿಸಿತು. ಒಂದು ಕೈಯಲ್ಲಿ ಮುಚ್ಚಿ ಇನ್ನೊಂದು ಕೈಯಲ್ಲಿ ತೆರೆದರು ಎಂದು ನಮ್ಮ ತಾಯಂದಿರು ಸಿಟ್ಟಾದರೆ ತಪ್ಪು ಹೇಳಲಾರೆವು. ಸಾರಾಯಿ ಹೋದರೂ ಬಾಟಲಿಯ ಅಗ್ಗದ ವಿಸ್ಕಿ ಉಳಿಯಿತು. ಆದರೆ ವಿಜಯಪುರ, ಬಾಗಲಕೋಟೆ ಕಡೆಯ ದ್ರಾಕ್ಷಿ ರೈತನ ಬಾಳನ್ನೂ ನೋಡಬೇಕು. ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಿದ್ದರೆ ಹಣ್ಣು ಬಿರಿದು ಒಂದು ವರ್ಷದ ಸಾಲ ತಲೆ ಮೇಲೆ ನಿಲ್ಲುತ್ತದೆ. ಹಣ್ಣಿಗೆ, ಒಣದ್ರಾಕ್ಷಿಗೆ, ರಸಕ್ಕೆ ಮೂರು ಬಾಗಿಲುಗಳಿದ್ದರೆ ಅವನು ಉಸಿರಾಡಿಯಾನು. ದ್ರಾಕ್ಷಿ ಬೆಳೆಯುವವನ ಮೇಲೆ ನಮಗೆ ಕೋಪವಿಲ್ಲ. ಸಂಬಳದ ದಿನ ಮಕ್ಕಳ ಫೀಸಿನ ಹಣವನ್ನು ಅಂಗಡಿಯಲ್ಲಿ ಸುರಿಯುವ ತಂದೆಗೆ ಮಾತ್ರ ನಾವು ಬಲಿಪೂಜೆಯ ದ್ರಾಕ್ಷಾರಸವನ್ನು ನೆಪವಾಗಿ ಬಿಟ್ಟುಕೊಡುವುದಿಲ್ಲ. ಪೂಜೆಗೆ ಬೇಕಾಗುವುದು ಒಂದೆರಡು ಚಮಚ.

ಕಡೆಗೆ ಪೂಜಾ ಸಾಮಗ್ರಿ ನೋಡಿಕೊಳ್ಳುವವರಿಗೆ ಎರಡು ಮಾತು. ಕ್ರಿಸ್ತಜಯಂತಿಗೆ ಮನೆಯಲ್ಲಿ ಸಕ್ಕರೆ, ಗೋಧಿ, ಈಸ್ಟ್ ಹಾಕಿ ಮಾಡುವ ವೈನನ್ನು ಪ್ರೀತಿಯಿಂದ ತಂದುಕೊಡುತ್ತೀರಿ. ಅದನ್ನು ಪೀಠಕ್ಕೆ ಬಳಸಲಾಗದು, ಬೇರೇನೂ ಬೆರೆಯದ ದ್ರಾಕ್ಷಿಯ ರಸವೇ ಆಗಬೇಕು. ಧರ್ಮಕೇಂದ್ರಕ್ಕೆ ಬಂದ ಬಾಟಲಿಯನ್ನು ಔರಾದಿನ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಕೋಣೆಯಲ್ಲಿ ಇಡಬೇಡಿ. ತೆರೆದ ಬಾಟಲಿ ಗಾಳಿಯಾಡಿ ವಿನೆಗರ್ ಆಗುತ್ತದೆ, ವಿನೆಗರ್‌ನಿಂದ ಪೂಜೆ ಸಿಂಧುವಾಗುವುದಿಲ್ಲ. ಸಣ್ಣ ಬಾಟಲಿ ತರಿಸಿ, ತೆರೆದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಫ್ರಿಜ್ ಇಲ್ಲದಿದ್ದರೆ ಒದ್ದೆ ಬಟ್ಟೆ ಸುತ್ತಿದ ಮಡಕೆಯ ತಂಪಿನಲ್ಲಿಡಿ. ಹುಳಿ ವಾಸನೆ ಬಂದರೆ ಪೂಜೆಗೆ ಮುಂಚೆಯೇ ಗುರುಗಳಿಗೆ ತಿಳಿಸಿ.