ಮಳೆಗಾಲದ ಚಾಲನೆಗೆ ಮಿತವ್ಯಯದ ಕಾರು ಟೈರುಗಳ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಕಾರಿನ ಟೈರುಗಳನ್ನು ಬದಲಿಸಲು ಉದ್ದೇಶಿಸಿರುವ ಮಾಲೀಕರು, ವಿಶೇಷವಾಗಿ 15 ವರ್ಷ ಪೂರೈಸಿದ ಕಾರಿನ ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವವರು ತಿಳಿದಿರಬೇಕಾದ ಅಂಶಗಳನ್ನು ಈ ಪುಟದಲ್ಲಿ ನೀಡಲಾಗಿದೆ. ಕಡಿಮೆ ಬೆಲೆಯ ಹೊಸ ಟೈರನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಸವೆದ ಟೈರಿನಲ್ಲಿಯೇ ಇನ್ನೊಂದು ಮಳೆಗಾಲವನ್ನು ಕಳೆಯುವುದು ಉಳಿತಾಯವಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು.

1. ಮಳೆಗಾಲದಲ್ಲಿ ಟೈರಿನ ಮಹತ್ವ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ ಮತ್ತು ಮಲೆನಾಡಿನ ರಸ್ತೆಗಳು ಬಹುಪಾಲು ಒದ್ದೆಯಾಗಿಯೇ ಇರುತ್ತವೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಮುಂತಾದ ಘಾಟಿಗಳಲ್ಲಿ ತಿರುವು, ಇಳಿಜಾರು ಮತ್ತು ಮಂಜು ಒಟ್ಟಿಗೆ ಎದುರಾಗುತ್ತವೆ. ಟೈರಿನ ಮೇಲ್ಮೈಯಲ್ಲಿರುವ ಗೆರೆಗಳು ಕಾಲುವೆಗಳಂತೆ ಕೆಲಸ ಮಾಡಿ, ಚಕ್ರದ ಅಡಿಯ ನೀರನ್ನು ಹೊರಕ್ಕೆ ಸಾಗಿಸುತ್ತವೆ. ಗೆರೆ ಸವೆದಂತೆ ಈ ಸಾಮರ್ಥ್ಯ ಕುಗ್ಗುತ್ತದೆ. ಆಗ ವೇಗದಲ್ಲಿರುವ ಕಾರು ನೀರಿನ ಪದರದ ಮೇಲೆ ತೇಲಿದಂತಾಗಿ, ಸ್ಟೇರಿಂಗ್ ಮತ್ತು ಬ್ರೇಕ್ ಎರಡೂ ಚಾಲಕನ ಹತೋಟಿ ತಪ್ಪುತ್ತವೆ. ರಸ್ತೆಯನ್ನು ಟೈರು ಮುಟ್ಟದಿದ್ದಲ್ಲಿ ಎಬಿಎಸ್ ಬ್ರೇಕ್ ಸಹ ನೆರವಾಗುವುದಿಲ್ಲ. ಒಣ ರಸ್ತೆಯಲ್ಲಿ ಯಾವುದೇ ತೊಂದರೆ ತೋರದ ಟೈರು ಮೊದಲ ದೊಡ್ಡ ಮಳೆಯಲ್ಲಿ ಅಪಾಯಕಾರಿಯಾಗುವುದು ಈ ಕಾರಣದಿಂದ.

2. ಕಾನೂನಿನ ಅವಕಾಶಗಳು

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 94ರಂತೆ ಕಾರಿನ ಟೈರಿನ ಗೆರೆಯ ಆಳವು 1.6 ಮಿ.ಮೀ.ಗಿಂತ ಕಡಿಮೆ ಇರಕೂಡದು. ಇದನ್ನು ತಿಳಿಯಲು ಉಪಕರಣ ಬೇಕಾಗಿಲ್ಲ. ಗೆರೆಗಳ ತಳದಲ್ಲಿ ಅಡ್ಡಲಾಗಿ ಸಣ್ಣ ರಬ್ಬರ್ ದಿಣ್ಣೆಗಳಿರುತ್ತವೆ. ಟೈರಿನ ಮೇಲ್ಮೈ ಸವೆದು ಈ ದಿಣ್ಣೆಗೆ ಸಮನಾದಲ್ಲಿ ಟೈರನ್ನು ಬದಲಿಸತಕ್ಕದ್ದು. 1.6 ಮಿ.ಮೀ. ಎಂಬುದು ಕನಿಷ್ಠ ಮಿತಿ ಮಾತ್ರ. ಘಾಟಿ ರಸ್ತೆಗಳಲ್ಲಿ ನಿತ್ಯ ಸಂಚರಿಸುವವರು 3 ಮಿ.ಮೀ.ಗೆ ಇಳಿಯುತ್ತಿದ್ದಂತೆಯೇ ಬದಲಾವಣೆಗೆ ಸಿದ್ಧರಾಗುವುದು ಸೂಕ್ತ.

ದೋಷವುಳ್ಳ ವಾಹನವನ್ನು ತಿಳಿದೂ ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದು ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 190ರಡಿ ದಂಡನೀಯ.

3. ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

ಅ) ಅಳತೆ: ಉದಾಹರಣೆಗೆ ಟೈರಿನ ಪಕ್ಕದಲ್ಲಿ 185/65 ಆರ್ 15 88 ಎಚ್ ಎಂದಿದ್ದಲ್ಲಿ, 185 ಎಂಬುದು ಮಿ.ಮೀ.ಗಳಲ್ಲಿ ಅಗಲ, 65 ಎಂಬುದು ಅಗಲಕ್ಕೆ ಹೋಲಿಸಿದಂತೆ ಎತ್ತರದ ಶೇಕಡಾ ಪ್ರಮಾಣ, ಆರ್ ಎಂದರೆ ರೇಡಿಯಲ್, 15 ಎಂಬುದು ಅಂಗುಲಗಳಲ್ಲಿ ರಿಮ್‌ನ ವ್ಯಾಸ. 88 ಎಂದರೆ ಒಂದು ಟೈರು 560 ಕಿ.ಗ್ರಾಂ. ಭಾರ ಹೊರಬಲ್ಲದು, ಎಚ್ ಎಂದರೆ ಗರಿಷ್ಠ ವೇಗದ ಮಿತಿ ಗಂಟೆಗೆ 210 ಕಿ.ಮೀ. ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಅಥವಾ ಕಾರಿನ ಕೈಪಿಡಿಯಲ್ಲಿ ನಮೂದಿಸಿದ ಅಳತೆಯನ್ನೇ ಆಯ್ದುಕೊಳ್ಳತಕ್ಕದ್ದು. ಭಾರದ ಸಂಖ್ಯೆ ಅದಕ್ಕಿಂತ ಕಡಿಮೆ ಇರಕೂಡದು.

ಆ) ಐಎಸ್‌ಐ ಗುರುತು: ಕಾರು ಟೈರುಗಳಿಗೆ ಐಎಸ್ 15633 ಮಾನಕದ ಐಎಸ್‌ಐ ಗುರುತು ಕಡ್ಡಾಯ. ಗುರುತಿಲ್ಲದ ಟೈರನ್ನು ಯಾವುದೇ ಬೆಲೆಗೂ ಖರೀದಿಸಬಾರದು.

ಇ) ತಯಾರಿಕೆಯ ದಿನಾಂಕ: ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರವನ್ನೂ, ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. 2324 ಎಂದರೆ 2024ನೇ ಇಸವಿಯ 23ನೇ ವಾರ. ರಿಯಾಯಿತಿ ದರದಲ್ಲಿ ನೀಡುವ ಟೈರುಗಳಲ್ಲಿ ಇದನ್ನು ತಪ್ಪದೆ ನೋಡಬೇಕು.

ಈ) ಒದ್ದೆ ರಸ್ತೆಯ ಹಿಡಿತ: ಟೈರುಗಳ ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ಪ್ರತಿರೋಧ ಮತ್ತು ಶಬ್ದಕ್ಕೆ ಸಂಬಂಧಿಸಿದ ಎಐಎಸ್ 142 ಮಾನಕವನ್ನು ಕೇಂದ್ರ ಸರ್ಕಾರವು 2022ರ ತಿದ್ದುಪಡಿಯ ಮೂಲಕ ನಿಯಮ 95ರಲ್ಲಿ ಸೇರಿಸಿದೆ. ಆದುದರಿಂದ ಮಾನಕಕ್ಕೆ ಅನುಗುಣವಾದ ಸಾಧಾರಣ ಬೆಲೆಯ ಹೊಸ ಟೈರು, ಮಳೆಯ ರಸ್ತೆಯಲ್ಲಿ ಹೆಸರಾಂತ ಕಂಪನಿಯ ಸವೆದ ಟೈರಿಗಿಂತ ಹೆಚ್ಚು ಭರವಸೆಯದು.

4. ವೆಚ್ಚದ ಲೆಕ್ಕ

ಬೆಲೆಯನ್ನಷ್ಟೇ ಹೋಲಿಸದೆ ಕಿಲೋಮೀಟರ್‌ಗೆ ತಗಲುವ ವೆಚ್ಚವನ್ನು ಹೋಲಿಸತಕ್ಕದ್ದು. ಮಾದರಿಗಾಗಿ, 4,500 ರೂ. ಬೆಲೆಯ ಟೈರು 30,000 ಕಿ.ಮೀ. ಬಾಳಿದಲ್ಲಿ ಕಿ.ಮೀ.ಗೆ 15 ಪೈಸೆ ಆಗುತ್ತದೆ. 5,500 ರೂ. ಬೆಲೆಯದು 50,000 ಕಿ.ಮೀ. ಬಾಳಿದಲ್ಲಿ 11 ಪೈಸೆ ಮಾತ್ರ. ಆದರೆ ವರ್ಷಕ್ಕೆ ನಾಲ್ಕೈದು ಸಾವಿರ ಕಿ.ಮೀ. ಮಾತ್ರ ಓಡಿಸುವವರ ಟೈರು ಸವೆಯುವ ಮೊದಲೇ ಹಳೆಯದಾಗುತ್ತದೆ. ಅಂತಹವರಿಗೆ ಕಡಿಮೆ ಬೆಲೆಯ ಟೈರೇ ಲಾಭದಾಯಕ.

ಹೊಸ ಟೈರುಗಳ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಗಿದೆ. ತೆರಿಗೆ ಬಿಲ್ಲನ್ನು ಕೇಳಿ ಪಡೆದು ಕಾಪಾಡಿಕೊಳ್ಳುವುದು. ವಾರಂಟಿ ಪಡೆಯಲು ಅದು ಬೇಕಾಗುತ್ತದೆ.

5. ಎರಡೇ ಟೈರು ಕೊಳ್ಳುವವರಿಗೆ

ನಾಲ್ಕನ್ನೂ ಒಮ್ಮೆಗೆ ಬದಲಿಸಲು ಹಣ ಸಾಲದಿದ್ದಲ್ಲಿ ಒಂದೇ ಅಳತೆ ಹಾಗೂ ಒಂದೇ ವಿನ್ಯಾಸದ ಎರಡನ್ನು ಕೊಂಡು, ಅವುಗಳನ್ನು ಹಿಂದಿನ ಚಕ್ರಗಳಿಗೆ ಅಳವಡಿಸುವುದು. ಇಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನಾದ್ದರಿಂದ ಹೊಸ ಟೈರು ಅಲ್ಲಿಯೇ ಇರಲಿ ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಆದರೆ ಒದ್ದೆ ತಿರುವಿನಲ್ಲಿ ಹಿಂದಿನ ಚಕ್ರಗಳು ಜಾರಿದಲ್ಲಿ ಕಾರು ಗಿರಕಿ ಹೊಡೆಯುತ್ತದೆ ಮತ್ತು ಸಾಮಾನ್ಯ ಚಾಲಕನಿಗೆ ಅದನ್ನು ಸರಿಪಡಿಸುವುದು ಕಷ್ಟ. ಮುಂದೆ ಉಳಿಯುವ ಟೈರುಗಳೂ ಮೇಲ್ಕಂಡ ಮಿತಿಯೊಳಗೆ ಇರತಕ್ಕದ್ದು.

6. ದೂರವಿಡಬೇಕಾದವು

ಬಳಸಿದ ಟೈರುಗಳ ಒಳಗಿನ ಹಾನಿ ಹೊರಗೆ ಕಾಣುವುದಿಲ್ಲ. ಬೋಳಾದ ಟೈರಿಗೆ ಬಿಸಿ ಅಲಗಿನಿಂದ ಹೊಸದಾಗಿ ಗೆರೆ ಕೊರೆದು ಮಾರಾಟ ಮಾಡಿದಲ್ಲಿ ಅದರ ರಬ್ಬರ್ ಮತ್ತಷ್ಟು ತೆಳುವಾಗಿರುತ್ತದೆ. ಪಕ್ಕದಲ್ಲಿ ಉಬ್ಬು, ಬಿರುಕು ಅಥವಾ ಸೀಳು ಇರುವ ಟೈರನ್ನು ಗೆರೆ ಎಷ್ಟೇ ಆಳವಿದ್ದರೂ ಉಪಯೋಗಿಸಬಾರದು.

7. ನಿರ್ವಹಣೆ

ತಿಂಗಳಿಗೊಮ್ಮೆ, ಟೈರು ತಣ್ಣಗಿರುವಾಗ ಗಾಳಿಯ ಒತ್ತಡವನ್ನು ಪರೀಕ್ಷಿಸಿ ಕಾರಿನ ಚೀಟಿಯಲ್ಲಿರುವಷ್ಟೇ ತುಂಬಿಸುವುದು. ಸ್ಟೆಪ್ನಿಯನ್ನೂ ಮರೆಯಬಾರದು. ಸುಮಾರು 10,000 ಕಿ.ಮೀ.ಗೊಮ್ಮೆ ಟೈರುಗಳ ಸ್ಥಾನವನ್ನು ಅದಲುಬದಲು ಮಾಡಿಸಿ, ವೀಲ್ ಅಲೈನ್‌ಮೆಂಟ್ ಪರೀಕ್ಷಿಸಿಕೊಂಡಲ್ಲಿ ನಾಲ್ಕೂ ಸಮನಾಗಿ ಸವೆದು ಹೆಚ್ಚು ಕಾಲ ಬಾಳುತ್ತವೆ.

8. ಚಳಿಗಾಲದ ಟೈರು ಅಗತ್ಯವೇ?

ಪರ್ವತ ಮತ್ತು ಹಿಮದ ಹರಳಿನ ಚಿತ್ರವುಳ್ಳ ಚಳಿಗಾಲದ ಟೈರುಗಳನ್ನು ಹಿಮ ಬೀಳುವ ಪ್ರದೇಶಗಳಿಗಾಗಿ ಮೃದು ರಬ್ಬರಿನಿಂದ ತಯಾರಿಸಲಾಗುತ್ತದೆ. ನಮ್ಮ ರಾಜ್ಯದ ಬಿಸಿ ರಸ್ತೆಗಳಲ್ಲಿ ಅವು ಬೇಗ ಸವೆಯುತ್ತವೆ. ಆದುದರಿಂದ ಇಲ್ಲಿನ ಬಳಕೆಗೆ ಅವುಗಳ ಅಗತ್ಯವಿಲ್ಲ.

9. ನೋಂದಣಿ ನವೀಕರಣ ಕೋರುವ ಅರ್ಜಿದಾರರಿಗೆ

ಖಾಸಗಿ ಕಾರಿನ ನೋಂದಣಿ ಪತ್ರವು 15 ವರ್ಷಗಳ ಅವಧಿಗೆ ಊರ್ಜಿತವಾಗಿದ್ದು, ನಂತರ 5 ವರ್ಷಗಳ ಅವಧಿಗೆ ನವೀಕರಿಸಲು ಅವಕಾಶವಿದೆ. ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ಕಾರನ್ನು ಪರಿಶೀಲನೆಗೆ ಹಾಜರುಪಡಿಸಬೇಕಾಗುತ್ತದೆ. ಪರಿಶೀಲನೆಗೆಂದು ಬೇರೆ ಕಾರಿನ ಟೈರುಗಳನ್ನು ಜೋಡಿಸಿ ತಂದು, ಬಳಿಕ ಸವೆದವನ್ನೇ ಮರಳಿ ಹಾಕಿಕೊಳ್ಳುವುದರಿಂದ ಪ್ರಮಾಣಪತ್ರ ದೊರೆಯಬಹುದು. ಮಳೆಯಲ್ಲಿ ರಕ್ಷಣೆ ದೊರೆಯುವುದಿಲ್ಲ. ಅರ್ಜಿದಾರರು ಪರಿಶೀಲನೆಯ ದಿನಕ್ಕೆ ಮುನ್ನ ಸ್ಟೆಪ್ನಿ ಸೇರಿದಂತೆ ಎಲ್ಲ ಟೈರುಗಳನ್ನು ತಾವೇ ಪರೀಕ್ಷಿಸಿಕೊಂಡು ಬರುವಂತೆ ಕೋರಲಾಗಿದೆ.